ಮುದುಕನ ಕೆಂಪು ದೀಪ

ಮಾರ್ಚ್ 4, ಮಂಗಳವಾರ

"ನನ್ನ ಹತ್ರ ಗೊಣಗ್ಬೇಡ, ಇದ್ರಲ್ಲಿ ಬರೆದಿಟ್ಕೋ" ಎಂದು ಅಕ್ಕ ಈ ಹಳೆಯ ಡೈರಿಯನ್ನು ನನ್ನ ಮುಂದೆ ಎಸೆದಳು. ಅರ್ಧ ಹಾಳೆಗಳಲ್ಲಿ ಅವಳ ಗಿರಾಕಿಗಳ ಸೊಂಟದ ಅಳತೆ, ತೋಳಿನ ಅಳತೆ. ಉಳಿದರ್ಧ ನನ್ನ ಗೊಣಗಾಟಕ್ಕೆ ಬಿಟ್ಟುಕೊಟ್ಟಿದ್ದಾಳೆ, ದೊಡ್ಡ ಮನಸ್ಸು.

ನಿನ್ನೆಯಿಂದ ಅವಳಿಗೆ ಆಸ್ಪತ್ರೆಯಲ್ಲಿ ಕಿರಣ ಕೊಡುವುದು ಶುರುವಾಗಿದೆ. ವಾರಕ್ಕೆ ಐದು ದಿನ, ಒಟ್ಟು ಆರು ವಾರ. "ಒಂದು ದಿನಾನೂ ತಪ್ಪಿಸಬಾರದು" ಎಂದು ಡಾಕ್ಟರಮ್ಮ ನನ್ನ ಮುಖವನ್ನೇ ನೋಡಿಕೊಂಡು ಹೇಳಿದರು. ತಪ್ಪಿಸುವವನು ಇವನೇ ಎಂದು ಅವರಿಗೆ ಹೇಗೆ ಗೊತ್ತಾಯಿತೋ. ಆಸ್ಪತ್ರೆ ಇರುವುದು ಗುಡ್ಡದ ಆಚೆಯ ದೊಡ್ಡ ಊರಿನಲ್ಲಿ, ಒಂದೂವರೆ ಗಂಟೆಯ ದಾರಿ. ಬಸ್ಸಿನ ಕುಲುಕಾಟ ಅಕ್ಕನಿಗೆ ಆಗುವುದಿಲ್ಲ. ದಿನಾ ಬಾಡಿಗೆ ಗಾಡಿ ಕರೆಸುವಷ್ಟು ಗಟ್ಟಿ ಕುಳ ನಾವಲ್ಲ. ಹಾಗಾಗಿ ಮುದುಕನೇ ಗತಿ.

ಮುದುಕ ಅಂದರೆ ಭಾವನ ಕಾರು. ಭಾವ ಹೋಗಿ ವರ್ಷಗಳಾದವು, ಅವರಿದ್ದಾಗಲೇ ಅದಕ್ಕೆ ವಯಸ್ಸಾಗಿತ್ತು. ಭಾನುವಾರ ಮಾರುಕಟ್ಟೆಯವರೆಗೆ ಓಡಿಸುವುದು ಬಿಟ್ಟರೆ ಅದರ ಸಹವಾಸಕ್ಕೆ ನಾನು ಹೋದವನಲ್ಲ. ಮುಂದಿನ ಮುಚ್ಚಳ ಎತ್ತಿ ನೋಡಲೂ ನನಗೆ ಭಯ. ಕನ್ನಡಕದ ಅಂಗಡಿಯಲ್ಲಿ ಕೂತು ಅಕ್ಷರ ಓದಿಸುವವನಿಗೆ ಎಂಜಿನ್ ಯಾಕೆ?

ಇವತ್ತು ಗುಡ್ಡ ಹತ್ತುವಾಗ ಸ್ಟೇರಿಂಗಿನ ಹಿಂದೆ ಒಂದು ಕೆಂಪು ದೀಪ ಮಿಣುಕತೊಡಗಿತು. ಅದರ ಮೇಲೆ ಪುಟ್ಟ ಪೆಟ್ಟಿಗೆಯ ಚಿತ್ರ, ಒಂದು ಕೂಡುವ ಗುರುತು, ಒಂದು ಕಳೆಯುವ ಗುರುತು. ಅರ್ಧ ದಾರಿಯ ಚಹಾದಂಗಡಿ ಹತ್ತಿರ "ಒಂದ್ ಲೋಟ ಕುಡ್ದು ಹೋಗೋಣ್ವಾ" ಎಂದಳು ಅಕ್ಕ. ಎಂಜಿನ್ ಆರಿಸಿದರೆ ಮತ್ತೆ ಹತ್ತುತ್ತದೆ ಎನ್ನುವ ಖಾತರಿ ಏನು? ನಿಲ್ಲಿಸಲಿಲ್ಲ.

ಮನೆಗೆ ಬಂದರೆ ಚಹಾಪುಡಿಯ ಡಬ್ಬಿ ಮೇಜಿನ ಮೇಲೇ ಇತ್ತು, ನಾನು ಅಡುಗೆಮನೆಯೆಲ್ಲ ಹುಡುಕಿದೆ. "ಊರಿಗೆಲ್ಲ ಕನ್ನಡಕ ಕೊಡೋನು, ಮೂಗಿನ ಮುಂದೆ ಇರೋದು ಕಾಣಲ್ಲ" ಎಂದಳು. ಅಂಗಿಯ ಗುಂಡಿ ಕಿತ್ತು ವಾರವಾಯಿತು, ಇನ್ನೂ ಹೊಲಿದುಕೊಟ್ಟಿಲ್ಲ. ಹೇಳಿದರೆ ಕಾಯಿಲೆಯವಳ ಹತ್ತಿರ ಕೆಲಸ ಮಾಡಿಸುತ್ತೀಯ ಅನ್ನುತ್ತಾಳೆ.

ಮಾರ್ಚ್ 6, ಗುರುವಾರ

ಆಸ್ಪತ್ರೆಯಿಂದ ಬರುತ್ತಾ ಕರೆಂಟಣ್ಣನ ಶೆಡ್ಡಿಗೆ ಹೋದೆವು. ಗಾಡಿಗಳ ವೈರಿಂಗ್ ಕೆಲಸ ಮಾಡುವವನು, ಊರಿಗೆಲ್ಲ ಅವನು ಕರೆಂಟಣ್ಣನೇ. ಕೈ ಎಷ್ಟು ಓಡುತ್ತದೋ ಬಾಯಿ ಅದರ ಎರಡರಷ್ಟು.

"ನಿಮ್ ಭಾವ ಇದ್ದಾಗ ಈ ಗಾಡಿ ನನ್ನ ಬಾಗಿಲು ತುಳೀತಾನೇ ಇರ್ಲಿಲ್ಲ ಸಾರ್" ಎಂದ.

"ಎಲ್ಲಾ ಅವ್ರೇ ಬಿಚ್ಚೋರು" ಎಂದಳು ಅಕ್ಕ. "ಆದ್ರೆ ಹಲಗೆಯಂಥ ಕೈ. ಮೀಟರ್ ಹಿಂದೆ ಬಲ್ಬ್ ಗಿಲ್ಬ್ ಹಾಕ್ಬೇಕಾದ್ರೆ ನಾನೇ ಬರ್ಬೇಕಿತ್ತು. ಸೂಜಿ ಹಿಡಿಯೋ ಕೈ ಅಲ್ವಾ, ಎಲ್ಲಿಗಾದ್ರೂ ನುಗ್ಗುತ್ತೆ."

ಕರೆಂಟಣ್ಣ ಬೆಲ್ಟ್ ಒತ್ತಿ ನೋಡಿದ, ಸಡಿಲವಾಗಿದೆ ಎಂದು ಬಿಗಿ ಮಾಡಿದ. ಎಂಜಿನ್ ತಿರುಗಿದಾಗ ಆ ಬೆಲ್ಟ್ ಡೈನಮೋ ತಿರುಗಿಸುತ್ತದಂತೆ, ಡೈನಮೋ ಬ್ಯಾಟರಿಗೆ ಚಾರ್ಜ್ ತುಂಬುತ್ತದಂತೆ. ಅದು ತುಂಬದಿದ್ದರೆ ಬ್ಯಾಟರಿಯಲ್ಲಿದ್ದದ್ದು ಖಾಲಿಯಾಗುವ ತನಕ ಓಡುತ್ತದೆ, ಆಮೇಲೆ ನಿಂತುಬಿಡುತ್ತದೆ. "ದೀಪ ಬಂದ್ರೆ ಚಾರ್ಜ್ ಆಗ್ತಿಲ್ಲ, ದೀಪ ಇಲ್ಲ ಅಂದ್ರೆ ಆಗ್ತಿದೆ. ಇಷ್ಟೇ ಸಾರ್ ಶಾಸ್ತ್ರ" ಎಂದ. ಇಷ್ಟು ಸುಲಭದ ಶಾಸ್ತ್ರ ನನ್ನ ತಲೆಗೂ ಹೋಯಿತು.

ಮನೆಗೆ ಬರುವಷ್ಟರಲ್ಲಿ ದೀಪ ಮತ್ತೆ ಮಿಣುಕುತ್ತಿತ್ತು.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಗುಡ್ಡದ ಮೇಲೆ ಮಂಜು. ಹೆಡ್‌ಲೈಟ್ ಹಾಕಿದೆ, ಕೆಂಪು ದೀಪ ಪೂರ್ತಿ ಹತ್ತಿಕೊಂಡಿತು. ಆರಿಸಿದೆ, ಮಿಣುಕಿತು. ಹಾಕಿದೆ, ಹತ್ತಿತು. ರಸ್ತೆ ಎಲ್ಲಿತ್ತೋ ದೇವರಿಗೇ ಗೊತ್ತು, ನಾನು ದೀಪವನ್ನೇ ನೋಡುತ್ತಿದ್ದೆ. ಎದುರಿನಿಂದ ಬಂದ ಲಾರಿ ಮೈ ಸವರಿಕೊಂಡು ಹೋಯಿತು. ಅಕ್ಕ ನನ್ನ ತೊಡೆಯ ಮೇಲೆ ಕೈ ಇಟ್ಟಳು. "ನಿಧಾನ ಮರಿ, ಇವತ್ತು ಕಿರಣ ಸಿಕ್ಕಿದ್ರೆ ಸಿಗುತ್ತೆ, ಇಲ್ದಿದ್ರೆ ನಾಳೆ" ಎಂದಳು. ಐವತ್ತು ದಾಟಿದವನನ್ನು ಮರಿ ಅನ್ನುತ್ತಾಳೆ. ನಾಳೆ ಅಂತೆ! ನಾನು ರೇಗಿದೆ. "ನಿನಗೇನು, ಆರಾಮಾಗಿ ಕೂತಿದ್ದೀಯ" ಎಂದುಬಿಟ್ಟೆ. ಆಸ್ಪತ್ರೆಗೆ ಹೋಗುತ್ತಿರುವವಳಿಗೆ ಹೇಳುವ ಮಾತೇ ಇದು?

ತಡವಾಗಿ ಮುಟ್ಟಿದೆವು. ಮಶೀನಿನ ಕೋಣೆಯ ಮುಂದೆ ಕೂತ ಗುಮಾಸ್ತ ಚೆನ್ನಾಗಿ ಬೈದ. ಸಂಜೆಯವರೆಗೆ ಕಾದು ಕಿರಣ ಕೊಡಿಸಿಕೊಂಡು ಬಂದೆವು. ಬರುವಾಗ ಅಕ್ಕ ದಾರಿಯುದ್ದಕ್ಕೂ ನನ್ನ ಮುಖವನ್ನೂ ಆ ದೀಪವನ್ನೂ ನೋಡುತ್ತಿದ್ದಳು.

ಮಾರ್ಚ್ 13, ಗುರುವಾರ

ದೀಪ ಇಲ್ಲ! ಹೋಗುವಾಗಲೂ ಇಲ್ಲ, ಬರುವಾಗಲೂ ಇಲ್ಲ. ಹೆಡ್‌ಲೈಟ್ ಹಾಕಿ ನೋಡಿದೆ, ಇಲ್ಲ. ಬಿಗಿ ಮಾಡಿದ ಬೆಲ್ಟ್ ತನ್ನ ಜಾಗಕ್ಕೆ ತಾನೇ ಕೂತಿರಬೇಕು. ಗುಡ್ಡ ಇಳಿಯುವಾಗ ಸಿಳ್ಳೆ ಹಾಕಿದೆನಂತೆ, ಅಕ್ಕ ಹೇಳಿದಳು.

"ಮುದುಕಂಗೆ ಬುದ್ಧಿ ಬಂತು" ಎಂದೆ.

"ಬಂತು ಬಂತು. ನೀನು ಮುಂದೆ ನೋಡ್ಕೊಂಡು ಓಡ್ಸು" ಎಂದಳು. ಅವಳ ಮಣಿಕಟ್ಟಿನ ಮೇಲೆ ಉದ್ದಕ್ಕೆ ಗೀರಾಗಿತ್ತು. ಕೇಳಿದರೆ ಕತ್ತರಿ ತಗುಲಿತು ಎಂದಳು. ಕಣ್ಣು ಪರೀಕ್ಷೆ ಮಾಡಿಸಿಕೋ ಅಂದರೆ ಕೇಳುವುದಿಲ್ಲ. ಇವತ್ತು ತುಂಬ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಮಾರ್ಚ್ 19, ಬುಧವಾರ

ಆಸ್ಪತ್ರೆಯ ಅಂಗಳದಲ್ಲಿ ಮುದುಕ ಕೈ ಕೊಟ್ಟ. ಕೀ ತಿರುಗಿಸಿದರೆ ಟಿಕ್ ಎನ್ನುವ ಸದ್ದು, ಅಷ್ಟೇ. ವಾಚ್‌ಮನ್ನೂ ಆಂಬುಲೆನ್ಸಿನ ಡ್ರೈವರೂ ಸೇರಿ ತಳ್ಳಿ ಸ್ಟಾರ್ಟ್ ಮಾಡಿಕೊಟ್ಟರು. ಅಕ್ಕ ಹಿಂದಿನಿಂದ ಒಂದು ಕೈ ಹಚ್ಚಲು ಹೋದಳು, ಬೈದು ಕೂರಿಸಿದೆ.

ಕರೆಂಟಣ್ಣನಿಗೆ ಫೋನ್ ಮಾಡಿದೆ. "ಕೆಂಪು ದೀಪ ಬರ್ತಿದ್ಯಾ ಸಾರ್?" ಎಂದು ಕೇಳಿದ. "ಇಲ್ಲ, ವಾರದಿಂದ ಒಂದು ಸಲಾನೂ ಬಂದಿಲ್ಲ" ಎಂದೆ, ಏನೋ ಸಾಧನೆ ಮಾಡಿದವನ ಹಾಗೆ. "ಹಾಗಾದ್ರೆ ಚಾರ್ಜಿಂಗ್ ಸರಿಯಾಗಿದೆ. ಬ್ಯಾಟರಿ ಸತ್ತಿದೆ, ಹೊಸದು ಹಾಕ್ಸಿ" ಎಂದ. ಹಾಕಿಸಿದೆ.

ಮಾರ್ಚ್ 21, ಶುಕ್ರವಾರ

ಹೊಸ ಬ್ಯಾಟರಿ ಎಂದರೆ ಬೆರಳು ಸೋಕಿದರೆ ಸ್ಟಾರ್ಟ್.

ಮೊನ್ನೆ ಮಾಡಿದ ಸ್ಕ್ಯಾನ್ ನೋಡಲು ಡಾಕ್ಟರಮ್ಮ ಅಕ್ಕನೊಬ್ಬಳನ್ನೇ ಒಳಗೆ ಕರೆದರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ತುಂಬ ಹೊತ್ತಾಯಿತು. ಹೊರಗೆ ಬಂದವಳು ಸೆರಗು ಸರಿಮಾಡಿಕೊಳ್ಳುತ್ತಾ, "ಎಲ್ಲಾ ಅಂದ್ಕೊಂಡ ಹಾಗೇ ಇದೆಯಂತೆ. ಡಾಕ್ಟರಮ್ಮನ ಕೋಟಿನ ಗುಂಡಿ ಕಿತ್ತಿತ್ತು, ಹೊಲ್ಕೊಟ್ಟೆ, ಅದಕ್ಕೇ ತಡ" ಎಂದಳು. ಡಾಕ್ಟರಿಗೆ ಗುಂಡಿ, ನನಗೆ ಇಲ್ಲ. ನಾನು ತಮಾಷೆ ಮಾಡಿದೆ, ಅವಳೂ ನಕ್ಕಳು. ಬರುವಾಗ ಮತ್ತೆ ಚಹಾದಂಗಡಿ ತೋರಿಸಿದಳು. ಹೊಸ ಬ್ಯಾಟರಿಯೇ ಆದರೂ ನನಗೆ ಧೈರ್ಯ ಬರಲಿಲ್ಲ.

ಮಾರ್ಚ್ 27, ಗುರುವಾರ

ಹೊಸ ಬ್ಯಾಟರಿಯೂ ಸತ್ತಿತು. ಮನೆಯ ಮುಂದೆಯೇ, ಅಕ್ಕ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುವಾಗ. ಬಾಡಿಗೆ ಗಾಡಿ ಕರೆಸಿದೆ. ಗುಡ್ಡದ ತಿರುವಿನಲ್ಲಿ ಅಕ್ಕನಿಗೆ ವಾಂತಿಯಾಯಿತು. ನಾಳೆ ಬರ್ತೀಯಾ ಎಂದರೆ ಡ್ರೈವರ್ ಬೇರೆ ಕಡೆ ಬಾಡಿಗೆ ಇದೆ ಎಂದ.

ಅವಳ ಸೀರೆ ಒಗೆದು ಹಾಕಿದೆ. ಅನ್ನ ತಳ ಹಿಡಿಯಿತು.

ಮಾರ್ಚ್ 28, ಶುಕ್ರವಾರ

ಇವತ್ತು ಹೋಗಲಾಗಲಿಲ್ಲ. ಮೊದಲ ಸಲ ತಪ್ಪಿತು.

ಮಾರ್ಚ್ 31, ಸೋಮವಾರ

ಬ್ಯಾಟರಿಗೆ ಚಾರ್ಜ್ ತುಂಬಿಸಿಕೊಟ್ಟ ಕರೆಂಟಣ್ಣ, ಎಲ್ಲೋ ಕರೆಂಟು ಸೋರುತ್ತಿರಬೇಕು ಎಂದ. ಸಂಜೆ ಗಾಡಿ ನಿಲ್ಲಿಸಿದ ಮೇಲೆ ಬ್ಯಾಟರಿಯ ಒಂದು ವೈರ್ ಬಿಚ್ಚಿಡಿ, ಬೆಳಿಗ್ಗೆ ಹಾಕಿ ಎಂದು ತೋರಿಸಿಕೊಟ್ಟ. ಹತ್ತನೇ ನಂಬರ್ ಸ್ಪ್ಯಾನರ್ ಈಗ ನನ್ನ ಜೇಬಿನಲ್ಲೇ ಇರುತ್ತದೆ, ಕನ್ನಡಕ ಒರೆಸುವ ಬಟ್ಟೆಯ ಜೊತೆ. ಅಂಗಡಿಯಲ್ಲಿ ಒಬ್ಬ ಗಿರಾಕಿಗೆ ಫ್ರೇಮ್ ಬದಲು ಅದನ್ನೇ ತೆಗೆದುಕೊಟ್ಟೆ. ಯಜಮಾನರು ಕೆಂಗಣ್ಣು ಬಿಟ್ಟರು. ಮಧ್ಯಾಹ್ನದಿಂದ ಮಾತ್ರ ಬರುತ್ತೇನೆ ಎಂದಾಗಿನಿಂದ ಅವರ ಮುಖ ನೆಟ್ಟಗಿಲ್ಲ.

ಟರ್ಮಿನಲ್‌ಗಳ ಮೇಲೆ ಹಸಿರು ಕಟ್ಟಿದ್ದನ್ನು ಬಿಸಿನೀರಿನಲ್ಲಿ ತೊಳೆದೆ. ಅರ್ತ್ ವೈರನ್ನು ಉಜ್ಜಿ ಹೊಳೆಯುವಂತೆ ಮಾಡಿದೆ. ಅಕ್ಕ ಕಿಟಕಿಯಲ್ಲಿ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದಳು. ಅವಳಿಗೆ ಈಗ ಅದೇ ಕೆಲಸ. ಹೊಲಿಗೆ ಮಶೀನಿನ ಮೇಲೆ ಧೂಳು ಕೂತಿದೆ, ಒರೆಸಿದೆ.

ಏಪ್ರಿಲ್ 2, ಬುಧವಾರ

ಕರೆಂಟಣ್ಣ ಡೈನಮೋವನ್ನೇ ಬಿಚ್ಚಿದ. ಒಳಗಿನ ಕಾರ್ಬನ್ ಸವೆದಿತ್ತು, ಬದಲಾಯಿಸಿದ. ಮೊದಮೊದಲು ದೀಪ ಮಿಣುಕುತ್ತಿದ್ದುದಕ್ಕೆ ಅದೇ ಕಾರಣವಂತೆ. ಮೇಜಿನ ಮೇಲಿಟ್ಟು ತಿರುಗಿಸಿದಾಗ ಅವನ ಮೀಟರಿನ ಮುಳ್ಳು ಹದಿನಾಲ್ಕು ವೋಲ್ಟಿಗೆ ಎದ್ದು ನಿಂತಿತು. ಗಾಡಿಗೆ ಕೂಡಿಸಿದರೆ ಮತ್ತೆ ಮಲಗಿತು. ಮೇಜಿನ ಮೇಲೆ ಹುಲಿ, ಗಾಡಿಯಲ್ಲಿ ಇಲಿ. ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಒಮ್ಮೆ ಎದ್ದಿತು. "ಬಂತು ನೋಡಿ ಸಾರ್!" ಎಂದು ಕರೆಂಟಣ್ಣ ಕುಣಿದ. ಸರಿಹೋಯಿತು ಎಂದು ಮನೆಗೆ ತಂದೆ.

ನಿನ್ನೆಯೂ ತಪ್ಪಿತು, ಇವತ್ತೂ ತಪ್ಪಿತು. ಫೋನ್ ಮಾಡಿ ತಿಳಿಸಿದರೆ ಆ ಗುಮಾಸ್ತ, "ಪರ್ವಾಗಿಲ್ಲ, ಆದಾಗ ಕರ್ಕೊಂಡ್ ಬನ್ನಿ" ಎಂದ. ನನ್ನ ಮೈಯೆಲ್ಲ ಉರಿಯಿತು. ಹದಿನೈದು ನಿಮಿಷ ತಡವಾದರೆ ಕೂಗಾಡುತ್ತಿದ್ದವನು ಈಗ ಪರವಾಗಿಲ್ಲ ಅನ್ನುತ್ತಾನಲ್ಲ! ಒಂದು ಜೀವದ ಮೇಲೆ ಇಷ್ಟು ಉಡಾಫೆಯೇ? ಅಕ್ಕನಿಗೆ ಹೇಳಿದರೆ, "ಪಾಪ, ಅವನಿಗೂ ಸಾಕಾಗಿರುತ್ತೆ ಬಿಡು" ಎಂದಳು. ಇವಳ ಸಮಾಧಾನ ನೋಡಿದರೆ ಇನ್ನಷ್ಟು ಸಿಟ್ಟು ಬರುತ್ತದೆ.

ಏಪ್ರಿಲ್ 4, ಶುಕ್ರವಾರ

ನಿನ್ನೆ ಹೋಗಿಬಂದೆವು. ಇವತ್ತು ಮತ್ತೆ ಟಿಕ್.

ಬೆಲ್ಟ್ ಆಯಿತು, ಬ್ಯಾಟರಿ ಆಯಿತು, ವೈರ್ ಆಯಿತು, ಡೈನಮೋ ಆಯಿತು. ಇನ್ನು ಉಳಿದಿರುವುದು ಡ್ರೈವರ್. ಅಕ್ಕನಿಗೆ ಏನಾದರೂ ಆದರೆ ಅದು ಕಾಯಿಲೆಯಿಂದ ಅಲ್ಲ, ನನ್ನಿಂದ. ಒಂದು ಗಾಡಿಯನ್ನು ಗುಡ್ಡ ದಾಟಿಸಲಾಗದವನು ಏನು ತಮ್ಮ? ಅಪ್ಪ ಅಮ್ಮ ಹೋದಾಗ ನನಗೆ ಎಂಟು ವರ್ಷ, ಇವಳಿಗೆ ಹತ್ತೊಂಬತ್ತು. ಬೆನ್ನಿಗೆ ಕಟ್ಟಿಕೊಂಡು ಸಾಕಿದಳು.

ಅವಳ ಕೂದಲು ಬಾಚುವಾಗ ಬೆನ್ನು ಮುಟ್ಟಿದರೂ ನೋವು ಎಂದಳು. ನಾನು ಒರಟಾಗಿ ಬಾಚುತ್ತೇನೆ, ಅದಕ್ಕಿರಬೇಕು.

ಏಪ್ರಿಲ್ 8, ಮಂಗಳವಾರ

ಇವತ್ತಿನದನ್ನು ಒಂದೂ ಬಿಡದೆ ಬರೆಯಬೇಕು.

ನಿನ್ನೆ ಸಂಜೆ ಮುದುಕನನ್ನು ಶೆಡ್ಡಿಗೆ ಎಳೆಸಿಕೊಂಡು ಹೋಗಿ ಬಿಟ್ಟಿದ್ದೆ. ಬೆಳಿಗ್ಗೆ ಹೋದಾಗ ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಕಾರು ನಿಂತಿತ್ತು. ಬೇಕರಿಯವರದ್ದು, ಹಾರನ್ ರಿಪೇರಿಗೆ ಬಂದಿತ್ತು. ಕೆಲಸ ಮುಗಿದು ಬೇಕರಿಯವರು ಒಳಗೆ ಕೂತು ಕೀ ತಿರುಗಿಸಿದರು. ಎರಡು ಕೆಂಪು ದೀಪ ಹತ್ತಿದವು. ಒಂದು ಎಂಜಿನ್ ಎಣ್ಣೆಯದು, ಇನ್ನೊಂದು ನನ್ನ ಹಳೆಯ ಶತ್ರು, ಪುಟ್ಟ ಪೆಟ್ಟಿಗೆ.

"ಅಯ್ಯೋ, ನಿಮ್ದೂ ಚಾರ್ಜ್ ಆಗ್ತಿಲ್ವಾ?" ಎಂದೆ.

"ಯಾಕ್ರೀ? ಕೀ ಹಾಕಿದ್ರೆ ಬರ್ಬೇಕು, ಸ್ಟಾರ್ಟ್ ಆದ್ಮೇಲೆ ಹೋಗ್ಬೇಕು. ಯಾವತ್ತೂ ಹಾಗೇ ಅಲ್ವಾ?" ಎಂದು ಅವರು ಸ್ಟಾರ್ಟ್ ಮಾಡಿದರು. ಎರಡೂ ಆರಿದವು. ಹೊರಟುಹೋದರು.

ನಾನು ಮುದುಕನೊಳಗೆ ಕೂತು ಕೀ ತಿರುಗಿಸಿದೆ. ಎಣ್ಣೆಯ ದೀಪ ಬಂತು. ಪೆಟ್ಟಿಗೆಯದು ಬರಲಿಲ್ಲ. ಮತ್ತೆ ತಿರುಗಿಸಿದೆ, ಇಲ್ಲ. ಕರೆಂಟಣ್ಣನನ್ನು ಕರೆದು ತೋರಿಸಿದೆ. ಅವನು ಹಣೆ ಚಚ್ಚಿಕೊಂಡ.

"ಸಾರ್, ನೀವು ದೀಪ ಇಲ್ಲ ಅಂದ್ರಿ, ನಾನು ಗಾಡಿ ಓಡ್ತಿರುವಾಗ ಇಲ್ಲ ಅಂತ ತಿಳ್ಕೊಂಡು ಖುಷಿಯಾಗ್ಬಿಟ್ಟೆ. ಕೀ ಹಾಕಿದಾಗ್ಲೂ ಇಲ್ವಾ ಅಂತ ಕೇಳ್ಲೇ ಇಲ್ವಲ್ಲ! ಈ ಹಳೇ ಗಾಡೀಲಿ ಡೈನಮೋ ತಾನಾಗೇ ಏಳಲ್ಲ. ಮೊದ್ಲು ಈ ಬಲ್ಬ್ ಹತ್ತಿ, ಇದ್ರ ಮೂಲಕ ಚೂರು ಕರೆಂಟ್ ಹೋಗಿ ಅದನ್ನ ತಟ್ಟಿ ಎಬ್ಬಿಸ್ಬೇಕು. ಮೇಜಿನ ಮೇಲೆ ನನ್ನ ಬಲ್ಬ್ ಹಾಕಿ ನೋಡ್ತೀನಿ, ಅದಕ್ಕೇ ಅಲ್ಲಿ ಎದ್ದಿದ್ದು."

ಮೀಟರ್ ಹಿಂದೆ ಕೈ ತೂರಿಸಲು ನೋಡಿದ, ಹೋಗಲಿಲ್ಲ. ಕೊನೆಗೆ ಮುಂದಿನ ಹಲಗೆಯ ಸ್ಕ್ರೂಗಳನ್ನೆಲ್ಲ ತೆಗೆದು ಇಣುಕಿದ. "ಸುಟ್ಟಿಲ್ಲ ಸಾರ್. ಬಲ್ಬೇ ಇಲ್ಲ. ಹೋಲ್ಡರ್ ಖಾಲಿ. ಯಾರೋ ನಾಜೂಕಾಗಿ ಬಿಚ್ಚಿ, ಹೋಲ್ಡರನ್ನ ಮತ್ತೆ ಕೂಡ್ಸಿದಾರೆ."

ಹೊಸ ಬಲ್ಬ್ ಹಾಕಿದ. ಕೀ ತಿರುಗಿಸಿದೆ, ದೀಪ ಬಂತು. ಸ್ಟಾರ್ಟ್ ಮಾಡಿದೆ, ಹೋಯಿತು. ಮೀಟರಿನಲ್ಲಿ ಹದಿನಾಲ್ಕು. ಕರೆಂಟಣ್ಣ ಕೈ ಕುಲುಕಲು ಬಂದ. ನನಗೆ ಕೈ ಕೊಡುವ ಮನಸ್ಸಾಗಲಿಲ್ಲ. ಆ ಸಂದಿಯಲ್ಲಿ ನುಗ್ಗುವ ಕೈ ನಮ್ಮ ಮನೆಯಲ್ಲಿ ಒಂದೇ ಇದೆ.

ಮನೆಗೆ ಬಂದು ನೇರವಾಗಿ ಅವಳ ಗುಂಡಿ ಡಬ್ಬಿ ತೆಗೆದೆ. ಕಪ್ಪು ಗುಂಡಿ, ಬಿಳಿ ಗುಂಡಿ, ಕೊಕ್ಕೆಗಳು, ಅವುಗಳ ನಡುವೆ ಕಡಲೆಕಾಳಿನಷ್ಟು ಪುಟ್ಟ ಗಾಜಿನ ಬಲ್ಬು. ಅಂಗೈಯಲ್ಲಿಟ್ಟುಕೊಂಡು ಅವಳ ಹಾಸಿಗೆಯ ಹತ್ತಿರ ಹೋದೆ.

"ಯಾಕಕ್ಕಾ?"

ಅವಳು ಬಲ್ಬನ್ನೂ ನನ್ನನ್ನೂ ನೋಡಿದಳು. "ಅದು ಬಂದಾಗೆಲ್ಲ ನಿನ್ನ ಮುಖ ನೋಡಕ್ಕಾಗ್ತಿರ್ಲಿಲ್ಲ ಮರಿ. ರಸ್ತೆ ಬಿಟ್ಟು ನೀನು ಅದನ್ನೇ ನೋಡ್ತಿದ್ದೆ. ಆವತ್ತು ಲಾರಿ ಕೆಳಗೆ ಹೋಗ್ತಿದ್ವಿ. ದೀಪ ತಾನೇ, ಹೇಳೋದಷ್ಟೇ ಅದ್ರ ಕೆಲ್ಸ, ತೆಗೆದ್ರೆ ನೀನು ನೆಮ್ಮದಿಯಾಗಿ ಓಡಿಸ್ತೀಯ ಅಂದ್ಕೊಂಡೆ. ನೀನು ಅಂಗಡಿಗೆ ಹೋದಾಗ ತೆಗ್ದೆ."

"ಅದೇ ಚಾರ್ಜ್ ಮಾಡ್ಸೋದಂತೆ."

"ಹೌದಾ?" ಎಂದು ಕಣ್ಣರಳಿಸಿದಳು. ಆಮೇಲೆ ನಗು. ಕೆಮ್ಮು ಬರುವ ತನಕ ನಕ್ಕಳು. "ನಿಮ್ ಭಾವ ಇದನ್ನ ಹೇಳ್ಕೊಟ್ಟೇ ಇರ್ಲಿಲ್ಲ ನೋಡು!"

ನನಗೆ ತಲೆ ಕೆಟ್ಟುಹೋಯಿತು. "ನಗ್ತೀಯಾ? ನಿನ್ನ ಕೈಯಾರೆ ಐದಾರು ಸಲ ತಪ್ಪಿಸ್ಕೊಂಡಿದ್ದೀಯ! ನಾನು ಇಷ್ಟು ದಿನ ಸತ್ತು ಸುಣ್ಣ ಆದೆ. ಇನ್ನೂ ಏನಾದ್ರೂ ಹೀಗೆ ಬಿಚ್ಚಿ ಬಚ್ಚಿಟ್ಟಿದ್ದೀಯಾ? ಇದ್ರೆ ಈಗ್ಲೇ ಹೇಳ್ಬಿಡು!"

ನಾನು ಕೇಳಿದ್ದು ಗಾಡಿಯ ಬಗ್ಗೆ. ಅವಳ ನಗು ನಿಂತಿತು. ನನ್ನ ಕೈಯಿಂದ ಬಲ್ಬ್ ತೆಗೆದುಕೊಂಡು ಬೆರಳ ನಡುವೆ ಹೊರಳಿಸಿದಳು. ಆಮೇಲೆ "ಕೂತ್ಕೋ" ಎಂದಳು.

ಕೂತೆ.

"ಡಾಕ್ಟರಮ್ಮನ ಕೋಟಿಗೆ ಗುಂಡಿನೇ ಇಲ್ಲ ಮರಿ. ಜಿಪ್ಪು. ದಿನಾ ನೋಡ್ತಿದ್ಯಲ್ಲ ನೀನೂ."

ಆ ಸ್ಕ್ಯಾನಿನ ದಿನ ಡಾಕ್ಟರಮ್ಮ ಎಲ್ಲ ಹೇಳಿದ್ದರಂತೆ. ಕಾಯಿಲೆ ಬೆನ್ನೆಲುಬಿಗೆ ಹೋಗಿದೆ, ಶ್ವಾಸಕೋಶಕ್ಕೂ ಹೋಗಿದೆ. ಇನ್ನು ಕಿರಣ ಕೊಡುವುದು ನೋವಿಗಷ್ಟೇ, ಬಂದರೂ ಸರಿ, ಬರದಿದ್ದರೂ ಸರಿ. ತಮ್ಮನಿಗೆ ಹೇಳಬೇಡಿ ಎಂದು ಇವಳೇ ಅವರ ಕೈ ಹಿಡಿದು ಕೇಳಿಕೊಂಡಿದ್ದಳಂತೆ.

"ಯಾಕೆ ಹೇಳ್ಲಿಲ್ಲ?" ಎಂದೆ.

"ನೀನು ಓಡಿಸ್ತಿದ್ಯಲ್ಲ" ಎಂದಳು. "ಆಮೇಲೆ ಗಾಡಿ ರಿಪೇರಿ ಮಾಡಕ್ಕೆ ಶುರು ಮಾಡ್ದೆ. ಮುಚ್ಚಳ ಎತ್ತಿ ಬಗ್ಗಿ ನಿಂತಿರ್ತಿದ್ದೆ. ಕಿಟಕೀಲಿ ಕೂತು ನೋಡ್ತಿದ್ರೆ ಏನೋ ಒಂದು ಸರಿಹೋಗ್ತಿದೆ ಅನ್ನಿಸ್ತಿತ್ತು."

ಏಪ್ರಿಲ್ 9, ಬುಧವಾರ

ತಪ್ಪಿದ ದಿನಗಳಿಗೆ ನಾನು ಕಾರಣ ಅಲ್ಲ ಎಂದು ಗೊತ್ತಾಯಿತು. ಸಮಾಧಾನ ಆಗಬೇಕಿತ್ತು. ನಾನೇ ಕಾರಣ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಆಗ ಗಾಡಿ ಸರಿಯಾದ ಮೇಲೆ ಅವಳೂ ಸರಿಯಾಗುತ್ತಿದ್ದಳು.

ಏಪ್ರಿಲ್ 15, ಮಂಗಳವಾರ

ಆಸ್ಪತ್ರೆಗೆ ಹೋಗುವುದು ನಿಲ್ಲಿಸಿದ್ದೇವೆ. ಡಾಕ್ಟರಮ್ಮ ನೋವಿನ ಔಷಧಿ ಬರೆದುಕೊಟ್ಟಿದ್ದಾರೆ, ನರ್ಸಮ್ಮ ಎರಡು ದಿನಕ್ಕೊಮ್ಮೆ ಮನೆಗೇ ಬರುತ್ತಾರೆ. ಅಂಗಡಿಗೆ ಹೋಗಿ ಯಜಮಾನರಿಗೆ ಇನ್ನು ಬರುವುದಿಲ್ಲ ಎಂದೆ. ಅವರು ಏನೋ ಕೇಳಿದರು, ನಿಂತು ಕೇಳಿಸಿಕೊಳ್ಳಲಿಲ್ಲ, ಅಕ್ಕನ ಹಾಲಿನ ಹೊತ್ತಾಗಿತ್ತು.

ಗಾಡಿ ಓಡಿಸದೆ ನಿಲ್ಲಿಸಿಬಿಟ್ಟರೆ ಬ್ಯಾಟರಿ ಮತ್ತೆ ಇಳಿಯುತ್ತದೆ, ದಿನಾ ಒಂದಿಷ್ಟು ಹೊತ್ತು ಸ್ಟಾರ್ಟ್ ಮಾಡಿಡಿ ಎಂದಿದ್ದಾನೆ ಕರೆಂಟಣ್ಣ. ಬೆಳಿಗ್ಗೆ ಅಕ್ಕನ ಮುಖ ಒರೆಸಿ, ಹಾಸಿಗೆ ಬದಲಾಯಿಸಿ, ಹೊರಗೆ ಹೋಗಿ ಸ್ಟಾರ್ಟ್ ಮಾಡುತ್ತೇನೆ. ಒಳಗೆ ಬಂದ ಕೂಡಲೇ ಕೇಳುತ್ತಾಳೆ.

"ಬಂತಾ?"

"ಬಂತು."

"ಹೋಯ್ತಾ?"

"ಹೋಯ್ತು."

"ಹಾಗಾದ್ರೆ ಸರಿ."

ಈಗ ನಮ್ಮ ಮನೆಯಲ್ಲಿ ಯಾವ ಮಾತನ್ನೂ ಬಚ್ಚಿಡುವುದಿಲ್ಲ. ನೋವಾದರೆ ನೋವು ಅನ್ನುತ್ತಾಳೆ. ಹೆದರಿಕೆಯಾದರೆ ನಾನು ಹೆದರಿಕೆ ಅನ್ನುತ್ತೇನೆ. ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ಏಪ್ರಿಲ್ 26, ಶನಿವಾರ

ನೋವು ಸ್ವಲ್ಪ ಇಳಿದಿತ್ತು. ಗಾಡಿಯಲ್ಲಿ ಕೂರಬೇಕು ಎಂದಳು. ಎತ್ತಿಕೊಂಡು ಹೋಗಿ ಕೂರಿಸಿದೆ, ದಿಂಬುಗಳನ್ನೆಲ್ಲ ಸುತ್ತ ತುರುಕಿದೆ. ಬಟ್ಟೆಯ ಗಂಟಿನಷ್ಟೂ ಭಾರ ಇಲ್ಲ.

ಗುಡ್ಡದ ದಾರಿಯಲ್ಲಿ ಚಹಾದಂಗಡಿಯ ಮುಂದೆ ನಿಲ್ಲಿಸಿ ಎಂಜಿನ್ ಆರಿಸಿದೆ. ಅವಳು ನನ್ನ ಕಡೆ ತಿರುಗಿ, "ಆರಿಸ್ಬಿಟ್ಯಲ್ಲೋ!" ಎಂದಳು. "ಆರಿಸ್ದೆ" ಎಂದೆ. ಎರಡು ಲೋಟ ಚಹಾ ತಂದೆ. ಅವಳು ಎರಡು ಗುಟುಕು ಕುಡಿದಳು. ಸಕ್ಕರೆ ಜಾಸ್ತಿ, ಇದಕ್ಕಾ ಇಷ್ಟು ದಿನ ಆಸೆಪಟ್ಟಿದ್ದು ಎಂದು ನಕ್ಕಳು. ಉಳಿದದ್ದನ್ನು ನಾನೇ ಕುಡಿದೆ. ಗುಡ್ಡದ ಮೇಲೆ ಬಿಸಿಲಿತ್ತು. ಲಾರಿಗಳು ಹೋಗುತ್ತಿದ್ದವು.

ಹೊರಡುವಾಗ ಕೀಯನ್ನು ಅವಳ ಕೈಗೆ ಕೊಟ್ಟೆ. ಅವಳ ಬೆರಳಿಗೆ ತಿರುಗಿಸುವ ಶಕ್ತಿ ಇರಲಿಲ್ಲ. ಅವಳ ಬೆರಳ ಮೇಲೆ ನನ್ನ ಬೆರಳಿಟ್ಟು ತಿರುಗಿಸಿದೆ. ದೀಪ ಬಂತು. ಇನ್ನೂ ಸ್ವಲ್ಪ ತಿರುಗಿಸಿದೆವು, ಹೋಯಿತು.

ಮೇ 2, ಶುಕ್ರವಾರ

ಮಾತು ಕಡಿಮೆಯಾಗಿದೆ. ಬಾಯಿಗೆ ಹತ್ತಿಯಲ್ಲಿ ನೀರು ಹಾಕುತ್ತಿದ್ದೇನೆ. ಬೆಳಿಗ್ಗೆ ಬಂತಾ ಎಂದು ಕೇಳಲಿಲ್ಲ, ನಾನೇ ಹೇಳಿದೆ. ಕಣ್ಣು ಮುಚ್ಚಿದ್ದವಳು ಹುಬ್ಬು ಅಲುಗಿಸಿದಳು.

ಮೇ 12, ಸೋಮವಾರ

ನೆಂಟರಿಷ್ಟರೆಲ್ಲ ಹೊರಟುಹೋದರು. ಕರೆಂಟಣ್ಣನೂ ಬಂದಿದ್ದ, ಜನ್ಮದಲ್ಲಿ ಮೊದಲ ಸಲ ಏನೂ ಮಾತಾಡದೆ ಕೂತು ಎದ್ದುಹೋದ. ಬೆಳಿಗ್ಗೆ ಅಂಗಿ ಹಾಕಿಕೊಳ್ಳುವಾಗ ಗುಂಡಿ ಇಲ್ಲದ್ದು ನೋಡಿದೆ. ಡಬ್ಬಿ ತೆಗೆದು ಒಂದು ಬಿಳಿ ಗುಂಡಿ ಹುಡುಕಿ ಹೊಲಿದೆ. ಸೊಟ್ಟಗಾಗಿದೆ, ಆದರೆ ನಿಂತಿದೆ.

ಆಮೇಲೆ ಹೊರಗೆ ಹೋಗಿ ಮುದುಕನನ್ನು ಸ್ಟಾರ್ಟ್ ಮಾಡಿದೆ. ದೀಪ ಬಂತು, ಹೋಯಿತು. ಹೇಳೋಣ ಎಂದು ಒಳಗೆ ಓಡಿಬಂದೆ. ಕೋಣೆಯಲ್ಲಿ ಹಾಸಿಗೆ ಮಡಚಿಟ್ಟಿತ್ತು. ಮಡಚಿಟ್ಟವನು ನಾನೇ.

ಬಾಗಿಲಲ್ಲಿ ನಿಂತೆ. ಹೊರಗೆ ಎಂಜಿನ್ ಓಡುತ್ತಲೇ ಇತ್ತು.

"ಬಂತು ಅಕ್ಕಾ" ಎಂದೆ. "ಹೋಯ್ತು."